ನಮ್ಮ ವಂಶದಲ್ಲಿ ಯಾರಿಗಿತ್ತು?

ಬಸ್ ಡಿಪೋದಲ್ಲಿ ಅವನಿಗೆ ನಿಧಾನಪ್ಪ ಎಂದೇ ಹೆಸರು. ಹಿಂದಿನಿಂದ ಯಾರು ಎಷ್ಟೇ ಹಾರ್ನ್ ಹೊಡೆದು ಬೈದರೂ ಅವನ ಬಸ್ಸಿನ ವೇಗ ಕೂದಲೆಳೆಯಷ್ಟೂ ಏರುತ್ತಿರಲಿಲ್ಲ. ಹೊಸ ಕಂಡಕ್ಟರುಗಳು ಅವನ ಜೊತೆ ಡ್ಯೂಟಿ ಬಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಅಷ್ಟೂ ವರ್ಷಗಳ ಸರ್ವೀಸಿನಲ್ಲಿ ಒಂದು ಸೈಕಲ್ಲಿಗೂ ಅವನ ಬಸ್ಸು ತಾಗಿರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಡಿಪೋದ ಗೇಟಿನ ಕಂಬಕ್ಕೆ ಅವನ ಬಸ್ಸಿನ ಎಡಮಗ್ಗುಲು ಕರ್ರನೆ ಉಜ್ಜಿಕೊಂಡಾಗ ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು.

“ಏನ್ ನಿಧಾನಪ್ಪ, ಕಂಬ ಏನಾದ್ರೂ ಓವರ್‌ಟೇಕ್ ಮಾಡೋಕೆ ಬಂತಾ?” ಎಂದು ಮೆಕ್ಯಾನಿಕ್ ಕೇಳಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಅದೇ ವಾರ ಅದೇ ಕಂಬಕ್ಕೆ ಮತ್ತೊಮ್ಮೆ ಉಜ್ಜಿದಾಗ ಯಾರೂ ನಗಲಿಲ್ಲ. ಡಿಪೋ ಮ್ಯಾನೇಜರು ಕರೆದು, “ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ, ಆಮೇಲೆ ಸ್ಟೇರಿಂಗ್ ಮುಟ್ಟೋರಂತೆ” ಎಂದರು.

ಕಣ್ಣಾಸ್ಪತ್ರೆಯಲ್ಲಿ ಅವನನ್ನು ಕತ್ತಲ ಕೋಣೆಯಲ್ಲಿ ಒಂದು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಕ್ಕೆ ಮುಖವಿಟ್ಟು ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಸಣ್ಣ ದೀಪ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅವನು ಒಂದೆರಡು ಸಲ ಒತ್ತಿದ. ಆಮೇಲೆ ದೀಪವೇ ಬರಲಿಲ್ಲ. ಕಾದು ಕಾದು ಸಾಕಾಗಿ, “ಮೇಡಂ, ಮಷೀನ್ ಕೆಟ್ಟಿರೋ ಹಾಗಿದೆ, ದೀಪಾನೇ ಬರ್ತಿಲ್ಲ” ಎಂದ.

ಡಾಕ್ಟರಮ್ಮ ಯಂತ್ರದ ಪಕ್ಕದ ಪರದೆಯನ್ನೊಮ್ಮೆ ನೋಡಿದರು. “ದೀಪ ಬರ್ತಾನೇ ಇದೆ,” ಎಂದರು, “ನಿಮಗೆ ಕಾಣ್ತಾ ಇಲ್ಲ.”

ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಸೊರಗಿ ನೋಟ ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ದಿನಾ ಹನಿ ಹಾಕಿಕೊಂಡು ಉಳಿಸಿಕೊಳ್ಳಬಹುದು. ಬಸ್ಸು ಮಾತ್ರ ಇನ್ನು ಓಡಿಸುವಂತಿಲ್ಲ. ಇಷ್ಟು ಹೇಳಿ ಅವರು ಪೆನ್ನು ಹಿಡಿದು, “ನಿಮ್ಮ ಮನೇಲಿ ಇದು ಯಾರಿಗಾದ್ರೂ ಇತ್ತಾ? ಅಪ್ಪ, ಅಮ್ಮ, ತಾತ, ಅಜ್ಜಿ?” ಎಂದು ಕೇಳಿದರು.

“ಯಾರಿಗೂ ಇಲ್ಲ.”

“ಇರಲಿಲ್ವಾ, ಇಲ್ಲ ಗೊತ್ತಿಲ್ವಾ? ಎರಡೂ ಬೇರೆ ಬೇರೆ.”

ಅವನು ನೆನಪಿಸಿಕೊಳ್ಳಲು ನೋಡಿದ. ಅಪ್ಪ ನಲವತ್ತು ತುಂಬುವುದರೊಳಗೆ ಜ್ವರ ಬಂದು ಹೋದವರು. ಅಮ್ಮ ಮೊನ್ನೆ ಮೊನ್ನೆಯವರೆಗೂ ಇದ್ದರು. ಸಾಯುವ ವರ್ಷದಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಅದರಾಚೆಗೆ ಅವನಿಗೆ ಒಂದಕ್ಷರವೂ ತಿಳಿಯದು. “ಒಡಹುಟ್ಟಿದವರು ಇದ್ದರೆ ಬೇಗ ಪರೀಕ್ಷೆ ಮಾಡಿಸ್ಕೊಳ್ಳೋಕೆ ಹೇಳಿ. ತಡ ಮಾಡ್ಬೇಡಿ” ಎಂದು ಡಾಕ್ಟರಮ್ಮ ಚೀಟಿ ಕೊಟ್ಟು ಕಳಿಸಿದರು.

ಒಡಹುಟ್ಟಿದವನು ಒಬ್ಬನೇ, ತಮ್ಮ. ತರಕಾರಿ ಶೇಖರಿಸುವ ಶೀತಲ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಆಳೆತ್ತರದ ಪೆಟ್ಟಿಗೆಗಳ ಸಾಲುಗಳ ನಡುವೆ, ಕೂಲಿಯವರು ಅಡ್ಡಾಡುವ ಜಾಗದಲ್ಲಿ ಅವನ ಕೆಲಸ. ಅಣ್ಣ ನಿಧಾನವಾದರೆ ತಮ್ಮ ಬಿರುಗಾಳಿ. ಇವನು ವಿಷಯ ಹೇಳಿದ ಕೂಡಲೇ ಅವನು ತಟ್ಟೆ ತಳ್ಳಿ ಎದ್ದ.

“ನಿನ್ನ ಕೆಲಸ ಹೋಯ್ತು ಅಂತ ನನ್ನದೂ ಹೋಗ್ಬೇಕಾ? ಪರೀಕ್ಷೆಗೆ ಹೋದ ಅಂತ ಗೋದಾಮಲ್ಲಿ ಗೊತ್ತಾದ್ರೆ ಸಾಕು, ಮಾರನೇ ದಿನ ಇಳಿಸ್ತಾರೆ.”

“ಇದು ವಂಶದಲ್ಲಿ ಬರೋದಂತೆ ಕಣೋ.”

“ವಂಶದಲ್ಲಿ ಯಾರಿಗಿತ್ತು, ಹೇಳು. ಹೆಸರು ಹೇಳು. ದಿನವೆಲ್ಲ ಎದುರು ಬಿಸಿಲು, ಇಂಜಿನ್ ಸೆಕೆ. ಅದಕ್ಕೆ ನಿನ್ನ ಕಣ್ಣು ಹೋಗಿದೆ. ನಾನಿರೋದು ಐಸ್ ಪೆಟ್ಟಿಗೇಲಿ. ಯಾರಿಗಿತ್ತು ಅಂತ ತೋರಿಸು, ಅವತ್ತೇ ಬರ್ತೀನಿ.”

ತಮ್ಮನ ಮಾತು ಕೈಲಿ ಹಿಡಿದ ಕಲ್ಲಿನ ಹಾಗೆ ಗಟ್ಟಿ. ವಾದಿಸಿ ಪ್ರಯೋಜನವಿಲ್ಲವೆಂದು ಅಣ್ಣನಿಗೆ ಗೊತ್ತಿತ್ತು. ತೋರಿಸು ಎಂದನಲ್ಲ, ತೋರಿಸಿಯೇ ಬಿಡುತ್ತೇನೆ ಎಂದುಕೊಂಡ. ಡಿಪೋದಲ್ಲಿ ಈಗ ಅವನಿಗೆ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಬಸ್ಸುಗಳನ್ನು ಹೊರಡಿಸುವ ಕೆಲಸ. ಮಧ್ಯಾಹ್ನವೇ ಮನೆಗೆ ಬರುತ್ತಿದ್ದ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಊಟದ ಮೇಜಿನ ಮೇಲೆ ಮಗುಚಿ ಹಾಕಿ ಕೆಳಗೆ ತನ್ನದೂ ತಮ್ಮನದೂ ಹೆಸರು ಬರೆದ. ಮೇಲೆ ಅಪ್ಪ. ಅದರ ಮೇಲೆ ತಾತ. ತಾತನ ಅಪ್ಪನ ಹೆಸರು ಬರೆಯಲು ಪೆನ್ನು ಎತ್ತಿದವನು ಎತ್ತಿಕೊಂಡೇ ಕೂತ. ಇಷ್ಟು ದೊಡ್ಡ ಹಾಳೆ, ಇಷ್ಟೇ ಜನ. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ಅಷ್ಟು ವರ್ಷ ನೆನಪಿಟ್ಟುಕೊಂಡವನಿಗೆ ತನ್ನ ಮುತ್ತಾತನ ಹೆಸರು ಗೊತ್ತಿರಲಿಲ್ಲ. ಅವಮಾನವಾದ ಹಾಗಾಯಿತು.

ಹಳೆಯ ತಲೆಯೆಂದು ಉಳಿದದ್ದು ದೊಡ್ಡಮ್ಮ ಒಬ್ಬರೇ. ಅಪ್ಪನ ಅಣ್ಣನ ಹೆಂಡತಿ. ಮಗಳ ಜೊತೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಕೆಳಗಿನ ಬೀದಿಯ ಸಕಲ ವರ್ತಮಾನವನ್ನೂ ಗಮನಿಸಿಕೊಂಡು ಕೂತಿರುವವರು. ಕೇಳುವವರು ಸಿಕ್ಕರೆ ಅವರ ಬಾಯಿ ನಲ್ಲಿಯಂತೆ. ತಿರುಗಿಸುವುದಷ್ಟೇ ನಮ್ಮ ಕೈಯಲ್ಲಿ, ನಿಲ್ಲಿಸುವುದಲ್ಲ.

“ತಾತನ ಕಣ್ಣು ಹೇಗಿತ್ತು ದೊಡ್ಡಮ್ಮ?” ಎಂದು ಅವನು ಕೇಳಿದ.

“ತಾತನ ಕಣ್ಣು ಕಟ್ಟಿಕೊಂಡು ಏನು ಮಾಡ್ತೀಯೋ? ಪಾಪದ ಮನುಷ್ಯ. ಗರಗಸದ ಮಿಲ್ಲಿಗೆ ಹೋಗೋರು, ಬರೋರು, ಮಲಗೋರು. ಮನೆ ಆಳಿದ್ದೆಲ್ಲ ನಿಮ್ಮಜ್ಜಿ, ಆ ಮಹಾರಾಣಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಏನು ಮಾಡಿದಳು ಗೊತ್ತಾ...”

“ಅಜ್ಜಿ ವಿಷಯ ಆಮೇಲೆ. ತಾತನ ಅಪ್ಪನಿಗೆ ಏನಾದ್ರೂ ಕಣ್ಣು ತೊಂದರೆ...”

“ಕೇಳೋದಾದ್ರೆ ಪೂರ್ತಿ ಕೇಳು. ಎದುರು ಬಂದೋರನ್ನ ಮಾತಾಡ್ಸೋಳಲ್ಲ ಆ ಹೆಂಗಸು. ಅಷ್ಟು ಸೊಕ್ಕು...”

ಅವನು ಗಡಿಯಾರ ನೋಡಿದ. ಅತ್ತೆ ಸೊಸೆಯ ಜಗಳ ಕೇಳುವುದಕ್ಕೆ ಅವನು ಬಂದಿರಲಿಲ್ಲ. ವಂಶವೆಂದರೆ ಅವನ ಮನಸ್ಸಿನಲ್ಲಿ ಅಪ್ಪ, ಅಪ್ಪನ ಅಪ್ಪ, ಅವರಪ್ಪ. ಏಣಿ ಹತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ. ಚಹಾ ಕುಡಿದು, “ಇನ್ನೊಂದು ದಿನ ಬರ್ತೀನಿ ದೊಡ್ಡಮ್ಮ” ಎಂದು ಎದ್ದುಬಂದ. ಎರಡನೆಯ ಸಲ ಹೋದಾಗಲೂ ಅದೇ ಮಹಾರಾಣಿ ಪುರಾಣ. ಮೂರನೆಯ ಸಲ ಹೋಗಲೇ ಇಲ್ಲ. ಬಾಯಿಮಾತನ್ನು ಬಿಟ್ಟು ಸರ್ಕಾರದ ಕಾಗದವನ್ನೇ ಹಿಡಿಯುವುದು ಮೇಲು ಎಂದು ನಿರ್ಧರಿಸಿದ.

ಜನನ ಮರಣದ ಹಳೆಯ ದಾಖಲೆ ಇಡುವ ಕಚೇರಿ ಮಾರ್ಕೆಟ್ಟಿನ ಹಿಂದಿತ್ತು. ಕೌಂಟರಿನ ಗಾಜಿನಲ್ಲಿ ಮಾತಾಡುವುದಕ್ಕೆಂದು ಕೊರೆದ ತೂತು ಸೊಂಟದ ಮಟ್ಟದಲ್ಲಿದ್ದುದರಿಂದ ಬಂದವರೆಲ್ಲ ಬೆನ್ನು ಬಗ್ಗಿಸಿ ಅದಕ್ಕೆ ಬಾಯಿಟ್ಟು ಕೇಳಬೇಕಾಗಿತ್ತು. ಒಳಗಿದ್ದ ಗುಮಾಸ್ತ ಕೆಟ್ಟವನೇನಲ್ಲ, ಆದರೆ ಅರ್ಧ ಮಾಹಿತಿ ತರುವವರನ್ನು ಕಂಡು ಕಂಡು ರೋಸಿದ್ದ.

“ನಿಮ್ಮ ತಾತ ಸತ್ತ ವರ್ಷ?”

“ನಮ್ಮಪ್ಪ ಇನ್ನೂ ಚಿಕ್ಕವರಿದ್ದಾಗ.”

“ಚಿಕ್ಕವರಿದ್ದಾಗ ಅನ್ನೋ ವರ್ಷ ನಮ್ಮಲ್ಲಿಲ್ಲ ಸ್ವಾಮಿ. ವಾರ್ಡು?”

“ಗರಗಸದ ಮಿಲ್ಲಿನ ಹತ್ತಿರ.”

“ಯಾವ ಮಿಲ್ಲು? ಹಳೇ ವಾರ್ಡೋ ಹೊಸ ವಾರ್ಡೋ?”

ವಾರ್ಡಿನ ನಂಬರುಗಳು ಎರಡು ಸಲ ಬದಲಾಗಿದ್ದವು. ಹಳೆಯದಕ್ಕೂ ಹೊಸದಕ್ಕೂ ಹೊಂದಿಸಿ ನೋಡುವ ನಕ್ಷೆ ಬೇರೆ ಕಚೇರಿಯಲ್ಲಿತ್ತು. ಅಲ್ಲಿ ಹೋದರೆ ಇಲ್ಲಿಂದ ಪತ್ರ ತನ್ನಿ ಎಂದರು, ಇಲ್ಲಿ ಕೇಳಿದರೆ ಅಂಥ ಪತ್ರ ಕೊಡುವ ಪದ್ಧತಿಯಿಲ್ಲ ಎಂದರು. ಎತ್ತು ಏರಿಗೆ ಕೋಣ ನೀರಿಗೆ. ಕಣ್ಣಿಗೆ ಹನಿ ಹಾಕಿಕೊಂಡು, ಎಡಗಡೆಯ ಮೆಟ್ಟಿಲು ಕಾಣದೆ ಮುಗ್ಗರಿಸುತ್ತ, ಅವನು ಆ ಎರಡು ಕಚೇರಿಗಳ ನಡುವೆ ಮಗ್ಗದ ಲಾಳಿಯಾದ.

“ಋಷಿಮೂಲ ನದಿಮೂಲ ಕೇಳಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ” ಎಂದಳು ಹೆಂಡತಿ. “ಕೇಳಿದ್ರೆ ಕಾಲು ಸವೆಯತ್ತೆ ಅಂತ ಅವರಿಗೆ ಗೊತ್ತಿತ್ತು.”

ಮಳೆಗಾಲ ಮುಗಿಯುವ ಹೊತ್ತಿಗೆ ಕೊನೆಗೂ ಸಿಕ್ಕಿತು. ತಾತನ ಹೆಸರು. ಕೆಲಸ, ಗರಗಸದ ಮಿಲ್ಲು. ಷರಾ ಬರೆಯುವ ಕಡೆ ಒಂದೇ ಪದ: ಕುರುಡ. ಅವನಿಗೆ ಕಚೇರಿಯಲ್ಲೇ ಕುಣಿಯುವಂತಾಯಿತು. ಯಾರದಾದರೂ ಕುರುಡುತನಕ್ಕೆ ಇಷ್ಟು ಹಿಗ್ಗಿದವನು ಆ ಕಚೇರಿಗೆ ಹಿಂದೆಂದೂ ಬಂದಿರಲಾರ. ರಸ್ತೆಯಲ್ಲೇ ನಿಂತು ತಮ್ಮನಿಗೆ ಫೋನು ಮಾಡಿದ. ತಮ್ಮ ಆ ಪದವನ್ನು ಎರಡು ಸಲ ಓದಿಸಿ ಕೇಳಿದ. ಆಮೇಲೆ, “ಸರಿ ಅಣ್ಣ, ಮುಂದಿನ ವಾರ ರಜೆ ಹಾಕ್ತೀನಿ” ಎಂದ. ಅವನ ದನಿಯಲ್ಲಿ ಮೊದಲ ಬಾರಿಗೆ ಅಳುಕು ಕೇಳಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಿಧಾನಪ್ಪ ಅರ್ಧ ಕೆಲಸ ಮಾಡುವವನಲ್ಲ. ದಾಖಲೆಯಲ್ಲಿದ್ದ ವಿಳಾಸ ಹಿಡಿದು ಹೋದ. ಅಲ್ಲಿ ಈಗ ಚಪ್ಪಲಿ ಅಂಗಡಿಯಿತ್ತು. ಗಲ್ಲಾದಲ್ಲಿ ಕೂತಿದ್ದ ಮಾಲೀಕ ಹೆಸರು ಕೇಳಿ ಹುಬ್ಬೇರಿಸಿದ.

“ಅವರು ನಮ್ಮ ತಾತ.”

“ಹಾಗಾದ್ರೆ ನಾವು ಸಂಬಂಧಿಕರು!” ಎಂದು ಇವನು ಕೈ ಚಾಚಿದ.

ಮಾಲೀಕ ಕೈ ಕೊಡಲಿಲ್ಲ. “ಆಸ್ತಿ ಕೇಳೋಕೆ ಬಂದ್ರಾ? ಈ ಅಂಗಡಿ ನಮ್ಮಪ್ಪ ಸ್ವಂತ ಕೊಂಡಿದ್ದು.”

ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು. ಕಡೆಗೆ ಅವನು ಒಳಗಿನಿಂದ ಒಂದು ಫೋಟೋ ತಂದು ತೋರಿಸಿದ. ಎತ್ತರದ, ಒಣಕಲು ಮನುಷ್ಯ. ಇವನ ಮನೆಯ ಗೋಡೆಯಲ್ಲಿದ್ದ ತಾತ ಗಿಡ್ಡ, ಗುಂಡು ಮುಖದವರು. “ಮಿಲ್ಲಲ್ಲಿ ಮರದ ಚೂರು ಸಿಡಿದು ಒಂದು ಕಣ್ಣು ಹೋಯ್ತು. ಆಮೇಲೆ ಇನ್ನೊಂದಕ್ಕೂ ಅದೇ ಗತಿ” ಎಂದ ಅಂಗಡಿಯವನು. ಅದೇ ಹೆಸರು, ಅದೇ ಮಿಲ್ಲು, ಬೇರೆ ಮನುಷ್ಯ. ತಿಂಗಳುಗಟ್ಟಲೆ ಅವನು ಕಂಡವರ ತಾತನ ಬೆನ್ನು ಹತ್ತಿದ್ದ.

ತಮ್ಮನಿಗೆ ಹೇಳದೆ ಇರಬಹುದಿತ್ತು. ಹೇಳಿದ. ತಮ್ಮ ಬಿದ್ದು ಬಿದ್ದು ನಕ್ಕ. “ಊರಲ್ಲಿರೋ ಕುರುಡರನ್ನೆಲ್ಲ ಎಳ್ಕೊಂಡು ಬಂದು ನಮ್ಮ ತಾತ ಮಾಡ್ಬೇಡ ಅಣ್ಣ. ಆ ರಜೆ ಬೇರೆ ಯಾವುದಕ್ಕಾದ್ರೂ ಆಗತ್ತೆ.”

ಆ ನಗು ಅವನಿಗೆ ಚುಚ್ಚಿತು. ಮನೆಗೆ ಬಂದು ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದ. ಬುಟ್ಟಿ ಮಗ್ಗುಲಲ್ಲಿದ್ದುದರಿಂದ ತುಂಡುಗಳು ಹೊರಗೆ ಬಿದ್ದವು. ಅದಕ್ಕೂ ಸಿಟ್ಟು ಬಂತು. ಬುಟ್ಟಿಯನ್ನು ಒದೆಯಲು ಹೋದರೆ ಅದೂ ತಪ್ಪಿ ಮೇಜಿನ ಕಾಲಿಗೆ ಬಿತ್ತು. ಹೆಂಡತಿ ಕಾಲ್ಬೆರಳಿಗೆ ತಣ್ಣೀರು ಬಟ್ಟೆ ಕಟ್ಟಿ, ತುಂಡುಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು. ಬೈದಿದ್ದರೇ ವಾಸಿ ಎನಿಸಿತು ಅವನಿಗೆ.

ಮುಂದೆ ಕೆಲವು ವಾರ ಅವನು ವಂಶದ ಸುದ್ದಿ ಎತ್ತಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಸೇರಿ ಮನೆಗೆ ಬಂದರು. ನೋಡಿಕೊಂಡು ಬರದಿದ್ದರೆ ಚೆನ್ನಾಗಿರುವುದಿಲ್ಲವೆಂದು ಹೆಂಡತಿ ಹೊರಡಿಸಿದಳು. ತಮ್ಮನಿಗೆ ಕೆಲಸವಿದ್ದುದರಿಂದ ಅವನ ಹೆಂಡತಿ ಇವರ ಜೊತೆ ಬಂದಳು. ದೊಡ್ಡಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಸೊಂಟ ಮುರಿದಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

“ನೋಡಿದ್ಯಾ, ನಾನು ಬಿದ್ದಿದ್ದಕ್ಕೆ ಹತ್ತು ಜನ ಬಂದ್ರು. ಆ ಮಹಾರಾಣಿ ಬಿದ್ದಾಗ ಒಂದು ನರಪಿಳ್ಳೆ ಬಂದಿರಲಿಲ್ಲ. ಬೀದೀಲಿ ಯಾರನ್ನ ಮಾತಾಡಿಸಿದ್ದಳು ಬರೋಕೆ?”

ಅವನು ಅಭ್ಯಾಸದಂತೆ ಮಾತು ತಿರುಗಿಸಲು ಬಾಯಿ ತೆರೆದ. ಹೆಂಡತಿ ಅವನ ಮೊಣಕೈ ಹಿಡಿದು ಒತ್ತಿ, “ಹೇಳಿ ದೊಡ್ಡಮ್ಮ” ಎಂದಳು.

ದೊಡ್ಡಮ್ಮನಿಗೆ ಬೇಕಾದದ್ದು ಅಷ್ಟೇ. ಅತ್ತೆಯ ಸೊಕ್ಕು ಒಂದೆರಡಲ್ಲ. ಪಕ್ಕದಲ್ಲಿ ನಿಂತ ಸೊಸೆಯನ್ನು ಕಂಡೂ ಕಾಣದಂತೆ ಇರುವುದು. ಊಟಕ್ಕೆ ಕೂತರೆ ಮಗ್ಗುಲಲ್ಲಿಟ್ಟ ನೀರಿನ ಲೋಟ ದಿನಾ ಉರುಳಿಸುವುದು, ಒರೆಸುವವಳು ಇದ್ದಾಳಲ್ಲ ಎಂದು ಬೇಕೆಂದೇ. ಸಂಜೆಯಾದ ಮೇಲೆ ಕುರ್ಚಿ ಬಿಟ್ಟು ಏಳದೆ ಅದು ತಾ ಇದು ತಾ ಎನ್ನುವುದು. ಹೊರಗೆ ಹೊರಟರೆ ಸೊಸೆಯ ಭುಜದ ಮೇಲೆ ಕೈ, ಪಲ್ಲಕ್ಕಿ ಇಲ್ಲದ್ದೊಂದು ಕಮ್ಮಿ.

“ಅದೆಲ್ಲ ಹೋಗ್ಲಿ. ಅವಳ ಸ್ವಂತ ಅಣ್ಣ, ಅಷ್ಟು ದೂರದಿಂದ ತಂಗಿ ನೋಡೋಕೆ ಬಂದು ಗೇಟಿನ ಪಕ್ಕ ನಿಂತಿದ್ದ. ಮಾತಾಡದೆ ನಗ್ತಾ ನಿಂತಿದ್ದ, ಅವಳೇ ಕಂಡು ಹಿಡೀಲಿ ಅಂತ. ಇವಳು ಹೊರಗಿಂದ ಬಂದಳು. ಕೈ ಚಾಚಿದ್ರೆ ಸಿಗೋಷ್ಟು ಹತ್ತಿರ. ತಿರುಗಿ ಕೂಡ ನೋಡದೆ ಒಳಗೆ ಹೋದಳು. ಆ ಮನುಷ್ಯನ ಮುಖ ನೋಡೋಕೆ ಆಗ್ಲಿಲ್ಲ ನನಗೆ. ತಂದ ಹಣ್ಣಿನ ಚೀಲ ನನ್ನ ಕೈಲಿಟ್ಟು ಹೋದೋನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ತವರೇ ಕಡಿದುಹೋಯ್ತು. ಇವಳು ಆಮೇಲೆ ಅಣ್ಣ ಬಂದಿದ್ನಾ, ಯಾಕೆ ಕರೀಲಿಲ್ಲ ಅಂತ ನನ್ನ ಮೇಲೇ ಹಾರಾಡಿದಳು. ನಾಟಕ!”

ಡಿಪೋದ ಕಂಬ ತನಗೆ ಹೇಗೆ ಕಂಡಿರಲಿಲ್ಲವೋ ಹಾಗೆಯೇ ಆ ಹೆಂಗಸಿಗೆ ಅಣ್ಣ ಕಂಡಿರಲಿಲ್ಲ.

ಅವನಿಗಿಂತ ಮೊದಲು ಮಾತಾಡಿದವಳು ತಮ್ಮನ ಹೆಂಡತಿ. “ಭಾವ, ನಮ್ಮನೆಯವರೂ ಹೀಗೇ ಮಾಡ್ತಾರೆ. ಮೊನ್ನೆ ಅಂಗಡಿ ಮುಂದೆ ಪಕ್ಕದಲ್ಲೇ ನಿಂತಿದ್ದೆ, ನನ್ನನ್ನ ದಾಟ್ಕೊಂಡೇ ಹೋದ್ರು. ಏನೋ ಕೋಪ ಇರ್ಬೇಕು ಅಂತ ನಾನೂ ಎರಡು ದಿನ ಮಾತು ಬಿಟ್ಟಿದ್ದೆ.”

“ದೊಡ್ಡಮ್ಮ,” ಎಂದ ಅವನು, “ಅಜ್ಜೀದು ಸೊಕ್ಕಲ್ಲ. ಕಣ್ಣು ಕಾಣ್ತಿರಲಿಲ್ಲ.”

“ಕಾಣ್ದೆ ಏನು? ಅಕ್ಕಿಯಲ್ಲಿ ಕಲ್ಲು ಆರಿಸೋಳು! ಎದುರು ಕೂತೋರ ಬಟ್ಟೆ ಮೇಲಿನ ಕಲೆ ಎತ್ತಿ ಆಡೋಳು!”

“ಎದುರಿಗಿರೋದು ಕಾಣತ್ತೆ ದೊಡ್ಡಮ್ಮ, ಮಗ್ಗುಲಲ್ಲಿರೋದು ಕಾಣಲ್ಲ. ನನಗೂ ಹಾಗೇ.”

ದೊಡ್ಡಮ್ಮ ಅವನನ್ನೇ ನೋಡಿದರು. ಮುಖದ ಬಣ್ಣ ಬದಲಾಯಿತು. “ಹಾಗಾದ್ರೆ ನಾನು ಇಷ್ಟು ವರ್ಷ ಬೈದಿದ್ದು ಯಾರನ್ನ?” ಎಂದು ಕೇಳಿದರು. “ಹೋಗು, ಹೋಗು. ಬೆಳಿಗ್ಗೆಯಿಂದ ಸೊಂಟ ನೋವು. ಎಲ್ಲ ಹೋಗಿ ಅತ್ಲಾಗೆ” ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ತಮ್ಮನನ್ನು ಆಸ್ಪತ್ರೆಗೆ ಎಳೆದೊಯ್ದದ್ದು ಅವನ ಹೆಂಡತಿ. ಹೋಗುವವರೆಗೆ ಒಲೆ ಹಚ್ಚುವುದಿಲ್ಲ ಎಂದು ಕೂತಳಂತೆ. ಅದೇ ಕಾಯಿಲೆ, ಇನ್ನೂ ಶುರುವಿನ ಹಂತ. ಹನಿ ಬಿಡದೆ ಹಾಕಿಕೊಂಡರೆ ನಿಲ್ಲಿಸಬಹುದು ಎಂದರು ಡಾಕ್ಟರಮ್ಮ. ಫೋರ್ಕ್‌ಲಿಫ್ಟಿನಿಂದ ಸದ್ಯಕ್ಕೆ ಇಳಿದು ತೂಕದ ಕಡೆ ಕೂರಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು. ತಮ್ಮ ಬುಸುಗುಟ್ಟುತ್ತಲೇ ಒಪ್ಪಿಕೊಂಡ. ಅಣ್ಣನ ಹುಡುಕಾಟದಿಂದ ಉಪಕಾರವಾಯಿತು ಎಂದು ಮಾತ್ರ ಅವನ ಬಾಯಿಂದ ಬರಲಿಲ್ಲ. “ಅಜ್ಜಿ ಕಥೆ ದೊಡ್ಡಮ್ಮ ಮೊದಲನೇ ದಿನಾನೇ ಹೇಳೋಕೆ ಬಂದಿದ್ದರಂತಲ್ಲ. ಕೇಳೋ ಸಹನೆ ನಿನಗಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ” ಎಂದ. ನಿಜವಾದ್ದರಿಂದ ಇನ್ನಷ್ಟು ಉರಿಯಿತು.

ಉರಿಯುವುದಕ್ಕೆ ಇನ್ನೂ ಇತ್ತು. ಡಾಕ್ಟರಮ್ಮನ ಬಳಿ ಅಜ್ಜಿಯ ವಿಷಯ ಹೇಳಿದಾಗ ಅವರು, “ಇದೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಇರೋ ಸಾಧ್ಯತೆ ಬಹಳ” ಎಂದು ಬರೆದುಕೊಂಡು, “ಮತ್ತೆ ತಾಯಿ ಕಡೆ?” ಎಂದರು.

“ಅಮ್ಮ ಕೊನೇವರೆಗೂ ಸೂಜಿಗೆ ದಾರ ಪೋಣಿಸ್ತಿದ್ರು.”

“ಅದರಿಂದ ಏನೂ ಗೊತ್ತಾಗಲ್ಲ. ನಡುವಿನ ನೋಟ ಕೊನೆಗೆ ಹೋಗೋದು. ನಿಮ್ಮಜ್ಜಿ ಕಲ್ಲು ಆರಿಸ್ತಿದ್ರು ಅಂದ್ರಲ್ಲ, ಹಾಗೇ.”

ಅಂದರೆ ತಾನು ಮೊದಲ ದಿನವೇ ಅಳಿಸಿಹಾಕಿದ್ದ ಅಮ್ಮನ ಕಡೆಯನ್ನೂ ಈಗ ಹೊಸದಾಗಿ ಕೆದಕಬೇಕು. ಇತ್ತ ಅಜ್ಜಿಯ ತವರು. ಆ ಗೇಟಿನಿಂದ ತಿರುಗಿ ಹೋದ ಅಣ್ಣನಿಗೂ ಮಕ್ಕಳು ಮೊಮ್ಮಕ್ಕಳು ಇದ್ದಾರು. ಅವರಲ್ಲಿ ಯಾರಾದರೂ ಈಗಲೇ ಕಂಬಕ್ಕೆ ಉಜ್ಜಿಕೊಳ್ಳುತ್ತಿರಬಹುದು, ಕಣ್ಣಿಗೆ ಹನಿ ಬಿದ್ದರೆ ಉಳಿಯುತ್ತದೆ ಎಂದು ಅವರಿಗೆ ಹೇಳುವವರಿಲ್ಲ. ಅವನು ಮತ್ತೆ ಆ ಗಾಜಿನ ತೂತಿಗೆ ಬಗ್ಗಿದ. ಗುಮಾಸ್ತ ಪುಟ ತಿರುವಿ ತಲೆಯಾಡಿಸಿದ. ಅಜ್ಜಿಯ ಸಾವು ಸಿಕ್ಕಿತು. ಇಂಥವರ ಹೆಂಡತಿ ಎಂದಷ್ಟೇ ಇತ್ತು.

“ಅವರ ತಂದೆ ಹೆಸರು?”

“ಬರೆದಿಲ್ಲ.”

“ಊರು?”

“ಬರೆದಿಲ್ಲ. ಇವರ ಹೆಸರನ್ನೇ ಬರೆದಿಲ್ಲ, ಊರು ಎಲ್ಲಿಂದ ಬರೀತಾರೆ?”

ತಿಳಿದಿದ್ದರೆ ದೊಡ್ಡಮ್ಮನಿಗೇ ತಿಳಿದಿರಬೇಕು. ಅವರು ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಿದ್ದಾರೆ. ಭಾನುವಾರ ಭಾನುವಾರ ಅವನು ಮೂರು ಮಹಡಿ ಹತ್ತಿ ಹೋಗುತ್ತಾನೆ. ಅವರು ಟೀವಿಯ ಸದ್ದು ಏರಿಸುತ್ತಾರೆ. ಒಂದು ವಾರ ಮಾತ್ರ ಪರದೆಯಿಂದ ಕಣ್ಣು ಕೀಳದೆ, “ಅವಳಣ್ಣ ಎರಡು ರೈಲು ಬದಲಾಯಿಸಿ ಬರ್ತಿದ್ನಂತೆ” ಎಂದರು.

“ಯಾವ ಕಡೆಯಿಂದ ದೊಡ್ಡಮ್ಮ? ಎಲ್ಲಿ ಬದಲಾಯಿಸ್ತಿದ್ರು?”

“ಕೇಳಿದ್ರೆ ತಾನೇ ಗೊತ್ತಾಗೋದು? ಅತ್ತೆ ಹತ್ತಿರ ನಾನು ಯಾವತ್ತು ಕೂತು ಮಾತಾಡಿದ್ದೆ?”

ಹಾಗೆಂದು ಅವರು ಮತ್ತೆ ಸದ್ದು ಏರಿಸಿದರು. ಅವನು ಸ್ವಲ್ಪ ಹೊತ್ತು ಕೂತಿದ್ದು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ತಡವುತ್ತ ಇಳಿದ. ಎರಡು ರೈಲು ಬದಲಾಯಿಸಿ ಬರಬಹುದಾದ ಊರುಗಳು ಎಷ್ಟಿರಬಹುದೆಂದು ಲೆಕ್ಕ ಹಾಕಲು ಹೋಗಿ, ಮೊದಲನೇ ಮಹಡಿ ತಲುಪುವಷ್ಟರಲ್ಲಿ ಕೈಬಿಟ್ಟ.